‘ತಪ್ಪಾಯಿತು’ ಎನ್ನಿಸಿದರೆ ಜಗಳ ಮುಗಿಯಿತೇ?

ಪ್ರಶ್ನೆ: ಅಕ್ಕಾ, ನನಗೆ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ 12 ವರ್ಷ, ಚಿಕ್ಕವನಿಗೆ 8. ಕಳೆದ ವಾರ ಚಿಕ್ಕವನು ಅಣ್ಣನ ಸೈಕಲನ್ನು ಕೇಳದೆ ಒಯ್ದು ಪಂಕ್ಚರ್ ಮಾಡಿಕೊಂಡು ಬಂದ. ದೊಡ್ಡವನು ಕೆನ್ನೆಗೆ ಹೊಡೆದ. ಏಳೆಪ್ಪತ್ತು ಸಾರಿ ಕ್ಷಮಿಸಬೇಕೆಂಬ ಯೇಸುಸ್ವಾಮಿಯ ಮಾತನ್ನು ನೆನಪಿಸಿ, ಇಬ್ಬರ ಬಾಯಿಂದಲೂ ‘ತಪ್ಪಾಯಿತು’ ಎನ್ನಿಸಿದೆ. ಅಂದಿನಿಂದ ಅವರ ನಡುವೆ ಮಾತೇ ಇಲ್ಲ. ಏನು ಮಾಡಲಿ?
– ಒಬ್ಬ ತಾಯಿ, ಸಿರುಗುಪ್ಪ ತಾಲ್ಲೂಕು

ಉತ್ತರ: ತಂಗಿ, ನೀವು ಮಾಡಿದ್ದನ್ನೇ ನಾನು ಬಳ್ಳಾರಿಯ ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ವರ್ಷಗಟ್ಟಲೆ ಮಾಡಿದ್ದೇನೆ. ಒಮ್ಮೆ ಒಬ್ಬ ಹುಡುಗ ಇನ್ನೊಬ್ಬನ ಬಣ್ಣದ ಪೆನ್ಸಿಲ್‌ಗಳನ್ನೆಲ್ಲ ಮುರಿದುಹಾಕಿದ. ನಾನು ಎಲ್ಲರೆದುರು ಇಬ್ಬರ ಕೈ ಕುಲುಕಿಸಿ, ಪೆನ್ಸಿಲ್ ಕಳೆದುಕೊಂಡವನಿಂದ ‘ಕ್ಷಮಿಸಿದ್ದೇನೆ’ ಎಂದು ಹೇಳಿಸಿದೆ. ಮುಂದಿನ ಮೂರು ಭಾನುವಾರ ಅವನು ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದಾಗ, “ಟೀಚರ್, ನನ್ನ ಪೆನ್ಸಿಲ್ ವಿಷಯ ನೀವು ಕೇಳಲೇ ಇಲ್ಲ” ಎಂದ. ಇಂದಿಗೂ ನೆನೆದರೆ ಸಂಕಟವಾಗುತ್ತದೆ. ಕ್ಷಮೆಯ ಹೆಸರಿನಲ್ಲಿ ನಾನು ಆ ಮಗುವಿನ ಬಾಯಿ ಮುಚ್ಚಿಸಿದ್ದೆ.

ಏಳೆಪ್ಪತ್ತು ಸಾರಿಯ ಮಾತಿರುವುದು ಬೈಬಲಿನ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ. ಅದೇ ಅಧ್ಯಾಯದಲ್ಲಿ, ಅದಕ್ಕೂ ಮುಂಚೆ, 15ನೆಯ ವಚನವನ್ನು ಓದಿ ನೋಡಿ. ತಪ್ಪು ಮಾಡಿದವನ ಬಳಿಗೆ ಹೋಗಿ, ಇಬ್ಬರೇ ಇರುವಾಗ ಅವನ ತಪ್ಪನ್ನು ಅವನಿಗೆ ತಿಳಿಸಬೇಕು. ಕೇಳದಿದ್ದರೆ ಆಗ ಇನ್ನೊಬ್ಬಿಬ್ಬರನ್ನು ಕರೆದೊಯ್ಯಬೇಕು. ನೋವಾದವನು ನೋವನ್ನು ಹೇಳಿಕೊಳ್ಳುವುದು ಮೊದಲು, ಕ್ಷಮೆ ಆಮೇಲೆ. ನಾವು ಮೊದಲಿನದನ್ನು ಬಿಟ್ಟು ಕೊನೆಯದನ್ನು ಮಾತ್ರ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ.

ಆದ್ದರಿಂದ ಇಬ್ಬರನ್ನೂ ಕೂರಿಸಿ. ಒಬ್ಬನು ಹೇಳುವಾಗ ಇನ್ನೊಬ್ಬನು ನಡುವೆ ಬಾಯಿ ಹಾಕಬಾರದು. ನೀವು ಪಕ್ಕದಲ್ಲಿರಿ, ತೀರ್ಪು ಮಾತ್ರ ಕೊಡಬೇಡಿ. ಆಸ್ತಿಯಲ್ಲಿ ಪಾಲು ಕೊಡುವಂತೆ ನನ್ನ ಸಹೋದರನಿಗೆ ಹೇಳು ಎಂದು ಒಬ್ಬನು ಬಂದು ಕೇಳಿದಾಗ, ‘ನನ್ನನ್ನು ನಿಮಗೆ ನ್ಯಾಯಾಧಿಪತಿಯಾಗಿ ನೇಮಿಸಿದವರು ಯಾರು’ ಎಂದು ಯೇಸುಸ್ವಾಮಿಯೇ ಕೇಳಿದರಲ್ಲ (ಲೂಕ 12). ಹೊಡೆತದ ವಿಷಯ ಬೇರೆ. ಕೈ ಎತ್ತಿದ ಕೂಡಲೇ ನಡುವೆ ಹೋಗಿ ತಡೆಯಿರಿ. ಚಿಕ್ಕವನು ಅಣ್ಣನಿಗೆ ಹೆದರುತ್ತಿದ್ದರೆ ಇಬ್ಬರನ್ನೇ ಬಿಟ್ಟು ಮಾತನಾಡಿಕೊಳ್ಳಿ ಎನ್ನುವುದು ತಪ್ಪು. ಮತ್ತಾಯ 18ರ 16ನೆಯ ವಚನದಲ್ಲಿ ಜೊತೆಗೆ ಕರೆದೊಯ್ಯುವ ಸಾಕ್ಷಿ ನೀವಾಗಿ.

ಇನ್ನು ಸೈಕಲ್. ಲೂಕನ ಸುವಾರ್ತೆಯಲ್ಲಿ ಬರುವ ಸುಂಕ ವಸೂಲಿಗಾರ ಜಕ್ಕಾಯನು ಬರೀ ಕಣ್ಣೀರು ಹಾಕಲಿಲ್ಲ. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಎಂಟು ವರ್ಷದ ಮಗುವಿಗೆ ಇದು ನಮಗಿಂತ ಬೇಗ ಅರ್ಥವಾಗುತ್ತದೆ. ಪಂಕ್ಚರ್ ಹಣದಲ್ಲಿ ಅವನ ಕೂಡಿಟ್ಟ ದುಡ್ಡಿನಿಂದ ಐದೋ ಹತ್ತೋ ರೂಪಾಯಿ ಇರಲಿ. ಹೊಡೆದದ್ದಕ್ಕೆ ಏನು ಮಾಡಬೇಕೆಂದು ದೊಡ್ಡವನೇ ಯೋಚಿಸಲಿ, ಅದಕ್ಕೆ ಒಂದು ದಿನ ಹಿಡಿದರೂ ಹಿಡಿಯಲಿ.

ಜಗಳವಿಲ್ಲದ ಒಂದು ರಾತ್ರಿ, ಊಟವಾದ ಮೇಲೆ, ಆದಿಕಾಂಡದ 13ನೆಯ ಅಧ್ಯಾಯದ ಕಥೆ ಹೇಳಿ. ಅಬ್ರಾಮನ ದನ ಕಾಯುವವರಿಗೂ ಲೋಟನ ದನ ಕಾಯುವವರಿಗೂ ಜಗಳವಾಗುತ್ತದೆ. ಅಬ್ರಾಮ ದೊಡ್ಡಪ್ಪನ ಸ್ಥಾನದವನು, ಆದರೂ ಬೇಕಾದ ಕಡೆಯನ್ನು ನೀನೇ ಮೊದಲು ಆರಿಸಿಕೋ ಎನ್ನುತ್ತಾನೆ. ಲೋಟನು ನೀರಿರುವ ಬಯಲನ್ನೇ ಆರಿಸಿಕೊಳ್ಳುತ್ತಾನೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರುವುದನ್ನು ಕಾಯುವ ನಿಮ್ಮ ಕಡೆಯ ಮಕ್ಕಳಿಗೆ ಅಬ್ರಾಮ ಬಿಟ್ಟುಕೊಟ್ಟದ್ದು ಎಷ್ಟು ದೊಡ್ಡದೆಂದು ವಿವರಿಸಬೇಕಾಗಿಲ್ಲ. ಆದರೆ ಜಗಳದ ನಡುವೆ ‘ನೀನು ಅಬ್ರಾಮನಂತೆ ಬಿಟ್ಟುಕೊಡು’ ಎಂದು ದೊಡ್ಡವನಿಗೆ ಹೇಳಲೇಬೇಡಿ. ದೇವರ ವಾಕ್ಯವೂ ತಮ್ಮನ ಪರ ಎಂದು ಅವನು ತಿಳಿದಾನು.

ನಾಳೆ ಸಂಜೆ ಸೈಕಲ್ ಅಂಗಡಿಗೆ ಇಬ್ಬರನ್ನೂ ಒಟ್ಟಿಗೆ ಕಳುಹಿಸಿ. ದಾರಿಯಲ್ಲಿ ಏನು ಮಾತನಾಡಿಕೊಂಡಿರಿ ಎಂದು ಬಂದ ಮೇಲೆ ಕೇಳಬೇಡಿ.