ದೋಣಿಯಲ್ಲೇ ಮನೆ, ಮಗು ಬೇರೆ ಜೊತೆಗೆ

ಪ್ರಶ್ನೆ: ಜರ್ಮನಿಯಲ್ಲಿದ್ದ ನನ್ನ ತಮ್ಮ ಈಗ ಹೆಂಡತಿ, ಮಕ್ಕಳ ಜೊತೆ ಹಾಯಿದೋಣಿಯಲ್ಲೇ ವಾಸವಿದ್ದು ಗ್ರೀಸ್ ಕರಾವಳಿ ಸುತ್ತುತ್ತಿದ್ದಾನೆ. ಜುಲೈನಲ್ಲಿ ಮೂರು ವಾರ ಬನ್ನಿ ಅಂತಾನೆ. ಏಳು ವರ್ಷದ ಮಗಳಿದ್ದಾಳೆ, ಗಾಳಿ ಅಂದ್ರೆ ನನಗೆ ಭಯ. ಹೋಗಬಹುದಾ?
- ಓದುಗರೊಬ್ಬರು, ಉಡುಪಿ

ಉತ್ತರ: ಖಂಡಿತ ಹೋಗಿ. ಆದರೆ ದೋಣಿ ಆಗ ಯಾವ ಕಡೆ ಇರುತ್ತದೆ ಅಂತ ಮೊದಲು ಕೇಳಿ, ಯಾಕೆಂದರೆ ಎಲ್ಲವೂ ಅದರ ಮೇಲೇ ನಿಂತಿದೆ. ಪೂರ್ವಕ್ಕಿರುವ ಏಜಿಯನ್ ಸಮುದ್ರದಲ್ಲಿ ಜುಲೈ, ಆಗಸ್ಟ್‌ನಲ್ಲಿ ಮೆಲ್ಟೆಮಿ ಅನ್ನುವ ಉತ್ತರದ ಗಾಳಿ ಬೀಸುತ್ತದೆ. ಆಕಾಶದಲ್ಲಿ ಒಂದು ಮೋಡ ಇರಲ್ಲ, ಆದರೂ ಗಾಳಿ ದಿನಗಟ್ಟಲೆ ನಿಲ್ಲುವುದಿಲ್ಲ. ಮೊದಲ ಸಲ ಬರುವ ಮಗುವಿಗೆ ಅದು ಬೇಡ. ಪಶ್ಚಿಮದ ಅಯೋನಿಯನ್ ಸಮುದ್ರದ ಕಡೆ, ಅಂದರೆ ಕೊರ್ಫು, ಲೆಫ್ಕಾಡ, ಇಥಾಕಾ ದ್ವೀಪಗಳ ಸುತ್ತಮುತ್ತ, ಬೇಸಿಗೆಯಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ ನೀರು ಶಾಂತವಾಗಿದ್ದು ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಎದ್ದು ಸಂಜೆಗೆ ಇಳಿಯುತ್ತದೆ. ಬೆಳಿಗ್ಗೆಯೇ ಹೊರಟು, ಗಾಳಿ ಜಾಸ್ತಿಯಾಗುವ ಮೊದಲು ಕೊಲ್ಲಿಯೊಂದರಲ್ಲಿ ಲಂಗರು ಹಾಕಿದರೆ ಮಗಳು ಆರಾಮಾಗಿ ಈಜಬಹುದು.

ನಿಮ್ಮ ಮಲ್ಪೆಯ ಹಾಗೆ ಅಲ್ಲಿ ಉಬ್ಬರ ಇಳಿತ ಅಷ್ಟಾಗಿ ಕಾಣುವುದಿಲ್ಲ. ಸಿಹಿನೀರು ಮಾತ್ರ ಟ್ಯಾಂಕಿನಲ್ಲಿ ಇರುವಷ್ಟೇ, ಹಾಗಾಗಿ ಸಮುದ್ರದಲ್ಲಿ ಮಿಂದು ಕೊನೆಗೆ ಒಂದು ಚೊಂಬು ಸಿಹಿನೀರು ಸುರಿದುಕೊಳ್ಳಬೇಕು, ಮಕ್ಕಳಿಗೆ ಇದು ಬೇಗ ಅಭ್ಯಾಸವಾಗುತ್ತದೆ. ಲೈಫ್ ಜಾಕೆಟ್ ವಿಷಯದಲ್ಲಿ ದಯವಿಟ್ಟು ಸಡಿಲ ಬಿಡಬೇಡಿ. ಮೇಲೆ ಡೆಕ್ಕಿಗೆ ಬಂದರೆ ಅದು ಮೈಮೇಲಿರಬೇಕು, ದೋಣಿ ನಿಂತಿದ್ದರೂ. ಮಗಳ ಅಳತೆಯದ್ದನ್ನು ತಮ್ಮನಿಗೆ ಈಗಲೇ ತರಿಸಲು ಹೇಳಿ.

ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಬೇಗ ಅರ್ಜಿ ಹಾಕಿ, ಬೇಸಿಗೆಯಲ್ಲಿ ರಶ್ ಇರುತ್ತದೆ.