ಕೊರಿಯಾದಲ್ಲಿ ಅಂಗಡಿ ಊಟ: ಮೂರು ಹೊತ್ತೂ ನಡೆಯುತ್ತಾ?

ಪ್ರಶ್ನೆ: ಮೇಡಂ, ನಾನು ಮತ್ತು ಗೆಳತಿ ಅಕ್ಟೋಬರ್‌ನಲ್ಲಿ ಎಂಟು ದಿನ ಸೋಲ್ ಮತ್ತು ಬುಸಾನ್‌ಗೆ ಹೋಗುತ್ತಿದ್ದೇವೆ. ಟಿಕೆಟ್ಟು, ರೂಮಿಗೇ ದುಡ್ಡೆಲ್ಲ ಖಾಲಿ. ಅಲ್ಲಿನ ಕನ್ವೀನಿಯನ್ಸ್ ಸ್ಟೋರ್‌ಗಳಲ್ಲೇ ಮೂರು ಹೊತ್ತೂ ತಿಂದುಬಿಡೋಣ ಅಂತಿದ್ದೇವೆ. ಒಬ್ಬರಿಗೆ ದಿನಕ್ಕೆ 15,000 ವಾನ್ ಸಾಕಾ?
– ಓದುಗಿ, ಮೈಸೂರು

ಸಾಕು. ಆದರೆ ಮೂರು ಹೊತ್ತೂ ಬೇಡ. ಎರಡು ಹೊತ್ತು ಅಂಗಡಿ, ಒಂದು ಹೊತ್ತು ಹೋಟೆಲ್ ಅಂತ ಇಟ್ಟುಕೊಳ್ಳಿ.

1,000 ವಾನ್ ಅಂದರೆ ನಮ್ಮ ಸುಮಾರು 60 ರೂಪಾಯಿ. ಬೆಳಿಗ್ಗೆಗೆ ಒಂದು ಸಮ್‌ಗಾಕ್ ಗಿಂಬಾಪ್ ತಗೊಳ್ಳಿ, ಅಂದರೆ ಅನ್ನದ ತ್ರಿಕೋನಕ್ಕೆ ಕಡಲಪಾಚಿಯ ಹಾಳೆ ಸುತ್ತಿದ್ದು, 1,500 ವಾನ್ ಆಸುಪಾಸು. ಜೊತೆಗೊಂದು ಬಾಳೆಹಣ್ಣಿನ ಹಾಲು, ಅದೇ ಆ ಹೊಟ್ಟೆ ಉಬ್ಬಿದ ಪುಟ್ಟ ಬಾಟಲಿ, 1974ರಿಂದಲೂ ಮಾರಾಟದಲ್ಲಿದೆ, 1,800ರ ಹತ್ತಿರ. ರಾತ್ರಿಗೆ ಒಂದು ಕಪ್ ರಾಮ್ಯನ್, ಅಂದರೆ ಬಿಸಿ ನೀರು ಸುರಿದು ತಿನ್ನುವ ನೂಡಲ್ಸ್, ಮತ್ತು ಇನ್ನೊಂದು ತ್ರಿಕೋನ, ಎರಡೂ ಸೇರಿ 3,000. ಮಧ್ಯಾಹ್ನಕ್ಕೆ ಇನ್ನೂ 8,000ಕ್ಕಿಂತ ಜಾಸ್ತಿ ಉಳಿಯಿತು ಅಲ್ವಾ? ಅದರಲ್ಲಿ ಯಾವುದಾದರೂ ಸಣ್ಣ ಗಿಂಬಾಪ್ ಅಂಗಡಿಗೆ ನುಗ್ಗಿ ಬಿಸಿ ಬಿಸಿ ತಿನ್ನಿ. ಪಕ್ಕದಲ್ಲಿಡುವ ಪುಟ್ಟ ಪುಟ್ಟ ಪಲ್ಯಗಳಿಗೆ ಅಲ್ಲಿ ಬೇರೆ ದುಡ್ಡಿಲ್ಲ, ಕೇಳಿದರೆ ಇನ್ನಷ್ಟು ಹಾಕುತ್ತಾರೆ. ಅಷ್ಟು ದೂರ ಹೋಗಿ ಅದನ್ನು ಬಿಟ್ಟು ಬರುವುದು ಯಾವ ಉಳಿತಾಯ!

ಅಂಗಡಿ ಹುಡುಕುವ ಕಷ್ಟವೇ ಇಲ್ಲ. ಸಿಯು, ಜಿಎಸ್25, ಸೆವೆನ್ ಇಲೆವೆನ್, ಇಮಾರ್ಟ್24, ಇವುಗಳಲ್ಲಿ ಒಂದಾದರೂ ಪ್ರತಿ ಬೀದಿ ತಿರುವಿನಲ್ಲಿದೆ. ಕೊರಿಯನ್ನರು ಇವನ್ನು ಪ್ಯೊನಿಜೊಮ್ ಅನ್ನುತ್ತಾರೆ. ಬೆಲೆ ಚೀಟಿಯ ಮೇಲೆ 1+1, 2+1 ಅಂತ ಇದೆಯಾ ನೋಡಿ. ಒಂದಕ್ಕೆ ಒಂದು, ಎರಡಕ್ಕೆ ಒಂದು ಉಚಿತ ಅಂತ. ತಿಂಗಳು ತಿಂಗಳೂ ಸಾಮಾನು ಬದಲಾಗುತ್ತೆ. ನೀವಿಬ್ಬರು ತಾನೆ, 1+1 ನಿಮಗೇ ಅಂತ ಮಾಡಿದ ಹಾಗಿದೆ. ನಾನು ಒಂಟಿಯಾಗಿ ಹೋಗಿದ್ದಾಗ ಆ ಎರಡನೇ ಬಾಟಲಿಗಳನ್ನೆಲ್ಲ ಹೊತ್ತುಕೊಂಡು ಮೆಟ್ರೋ ಮೆಟ್ಟಿಲು ಹತ್ತಿದ್ದೇ ಬಂತು.

ತ್ರಿಕೋನ ಬಿಚ್ಚುವುದಕ್ಕೂ ಒಂದು ಕ್ರಮ ಇದೆ. ಕವರಿನ ಮೇಲೆ 1, 2, 3 ಅಂತ ಬರೆದಿರುತ್ತೆ. ತುದಿಯ ಪಟ್ಟಿ ಹಿಡಿದು ಹಿಂದಿನವರೆಗೂ ಸುತ್ತಲೂ ಎಳೆಯಿರಿ, ಅದು 1. ಆಮೇಲೆ ಎರಡೂ ಬದಿಯ ಮೂಲೆ ಹಿಡಿದು ಒಂದೊಂದಾಗಿ ಹೊರಕ್ಕೆ ಎಳೆಯಿರಿ. ಅನ್ನಕ್ಕೂ ಪಾಚಿ ಹಾಳೆಗೂ ನಡುವೆ ತೆಳು ಪ್ಲಾಸ್ಟಿಕ್ ಇರುವುದು ಹಾಳೆ ಮೆತ್ತಗಾಗದೆ ಗರಿಗರಿ ಉಳಿಯಲಿ ಅಂತ. ನಾನು ಮೊದಲ ದಿನ ಚಿಪ್ಸ್ ಪ್ಯಾಕೆಟ್ ಹರಿದ ಹಾಗೆ ಹರಿದೆ. ಹಾಳೆಯೆಲ್ಲ ಕವರಿನಲ್ಲೇ ಉಳಿಯಿತು, ಕೈಯಲ್ಲಿ ಬರೀ ತಣ್ಣನೆ ಅನ್ನದ ಉಂಡೆ.

ಪ್ರಶ್ನೆ: ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ಮೀನು ಮುಟ್ಟುವುದಿಲ್ಲ. ಈ ಅಂಗಡಿಗಳಲ್ಲಿ ನನಗೇನಾದರೂ ಸಿಗುತ್ತಾ?
– ಓದುಗ, ಶಿರಸಿ

ಸಿಗುತ್ತೆ, ಆದರೆ ಚಿತ್ರ ನೋಡಿ ಮೋಸ ಹೋಗಬೇಡಿ. ಬರೀ ತರಕಾರಿ ಚಿತ್ರ ಇರುವ ರಾಮ್ಯನ್ನಿನ ಮಸಾಲೆ ಪುಡಿಯಲ್ಲೂ ದನದ ಮಾಂಸದ ಸಾರ ಇರಬಹುದು. ಕಿಮ್ಚಿ, ಅಂದರೆ ಅವರ ಹುಳಿ ಬರಿಸಿದ ತರಕಾರಿ ಉಪ್ಪಿನಕಾಯಿ, ಅದರಲ್ಲಿ ಸಾಮಾನ್ಯವಾಗಿ ಮೀನಿನ ರಸ ಇಲ್ಲವೇ ಉಪ್ಪು ಹಾಕಿದ ಸೀಗಡಿ ಸೇರಿರುತ್ತೆ.

ನಿಮಗೆ ಉಪಯೋಗಕ್ಕೆ ಬರುವ ಸಂಗತಿ ಒಂದಿದೆ. ಕೊರಿಯಾದಲ್ಲಿ ಅಲರ್ಜಿ ತರುವ ಪದಾರ್ಥಗಳನ್ನು ಪ್ಯಾಕೆಟ್ ಮೇಲೆ ಬೇರೆಯಾಗಿ ಬರೆಯಲೇಬೇಕು, ಆ ಪಟ್ಟಿಯಲ್ಲಿ ದನ, ಹಂದಿ, ಕೋಳಿ, ಸೀಗಡಿ, ಏಡಿ ಎಲ್ಲ ಇವೆ. ಹಿಂಬದಿಯಲ್ಲಿ ಪದಾರ್ಥಗಳ ಪಕ್ಕದ ಪುಟ್ಟ ಚೌಕ ನೋಡಿ. ಫೋನಿನ ಅನುವಾದ ಆ್ಯಪ್ ತೆರೆದು ಕ್ಯಾಮೆರಾ ಹಿಡಿದರೆ ಸಾಕು. ಕಿವಿಗೆ ಪರಿಚಯ ಇರಲಿ ಅಂತ ಹೇಳುತ್ತೇನೆ: ಸೋಗೋಗಿ ಅಂದರೆ ದನ, ದ್ವೇಜಿಗೋಗಿ ಹಂದಿ, ದಾಕ್‌ಗೋಗಿ ಕೋಳಿ. ಆದರೆ ಎಲ್ಲ ಮೀನೂ ಆ ಚೌಕದಲ್ಲಿ ಬರಲ್ಲ, ಅದಕ್ಕೆ ಇಡೀ ಪಟ್ಟಿ ಓದಬೇಕು. ತ್ರಿಕೋನಗಳಲ್ಲಿ ತುಂಬಾ ಓಡುವುದು ಚಮ್ಚಿ ಮಾಯೊ, ಅದು ಟ್ಯೂನಾ ಮೀನು.

ಕಣ್ಣು ಮುಚ್ಚಿ ತಿನ್ನಬಹುದಾದ್ದು: ಬೇಯಿಸಿದ ಮೊಟ್ಟೆ, ಹಣ್ಣು, ಹಾಲು. ಚಳಿಗಾಲದಲ್ಲಿ ಹಲವು ಅಂಗಡಿಗಳಲ್ಲಿ ಕೌಂಟರ್ ಪಕ್ಕದಲ್ಲೇ ಗೆಣಸು ಸುಡುತ್ತಾರೆ. ಸಿಪ್ಪೆ ಕಪ್ಪಾಗಿ, ಒಳಗೆ ಜೇನಿನ ಹಾಗೆ ಅಂಟಂಟು. ನಮ್ಮೂರ ಕೆಂಡದ ಗೆಣಸು ತಿಂದವರಿಗೆ ಬೇರೆ ವಿವರಣೆ ಬೇಡ.

ಪ್ರಶ್ನೆ: ಅಲ್ಲೇ ಕೂತು ತಿನ್ನಬಹುದಾ? ಬಿಸಿ ಮಾಡಿಕೊಡ್ತಾರಾ?
– ಓದುಗ, ಹುಬ್ಬಳ್ಳಿ

ಮಾಡಿಕೊಡಲ್ಲ, ನೀವೇ ಮಾಡಿಕೊಳ್ಳಬೇಕು. ಬಿಸಿ ನೀರಿನ ನಲ್ಲಿ, ಮೈಕ್ರೋವೇವ್ ಇಟ್ಟಿರುತ್ತಾರೆ. ಮೊದಲು ದುಡ್ಡು ಕೊಡಿ, ಆಮೇಲೆ ಬಿಚ್ಚಿ. ದೊಸಿರಾಕ್ ಅಂದರೆ ಊಟದ ಡಬ್ಬಿ, 5,000 ವಾನ್ ಆಸುಪಾಸು. ಅದರ ಮೇಲೆ ಬಿಸಿ ಮಾಡುವ ಸಮಯ ಎರಡು ಬರೆದಿದ್ದರೆ 700 ವ್ಯಾಟಿನದು ಮನೆಗೆ, 1000 ವ್ಯಾಟಿನದು ಅಂಗಡಿಗೆ. ಕಡಿಮೆ ಸಮಯದ್ದನ್ನೇ ಒತ್ತಿ. ಮೊಟ್ಟೆ ಮಾತ್ರ ಒಳಗಿಡಬೇಡಿ, ಸಿಡಿಯುತ್ತೆ. ಉಳಿದ ರಾಮ್ಯನ್ ಸಾರು ಸುರಿಯೋಕೆ ಬೇರೆ ಡಬ್ಬ ಇರುತ್ತೆ, ಕಪ್ಪನ್ನು ಸಾರಿನ ಸಮೇತ ಕಸಕ್ಕೆ ಹಾಕಿದರೆ ಅಂಗಡಿ ಹುಡುಗನ ಮುಖ ಸಪ್ಪಗಾಗುತ್ತೆ. ಕೂರಲು ಮೇಜು ಎಲ್ಲ ಅಂಗಡಿಯಲ್ಲೂ ಇರಲ್ಲ, ಹೊರಗಿನಿಂದಲೇ ನೋಡಿಕೊಂಡು ಒಳಗೆ ಹೋಗಿ.

ಪ್ರಶ್ನೆ: ಅಮ್ಮನಿಗೆ ಅನ್ನ ಬೇಕೇ ಬೇಕು. ಏನು ಮಾಡಲಿ?
– ಓದುಗಿ, ದಾವಣಗೆರೆ

ಹೆತ್ಬಾನ್ ಅಂತ ಬೆಂದ ಅನ್ನದ ಬಟ್ಟಲು ಸಿಗುತ್ತೆ. ಮುಚ್ಚಳದ ಹಾಳೆ ಸ್ವಲ್ಪ ಎತ್ತಿ ಮೈಕ್ರೋವೇವ್‌ನಲ್ಲಿಟ್ಟರೆ ಎರಡೇ ನಿಮಿಷ. ಅಂಟು ಅನ್ನ, ಮೊಸರನ್ನಕ್ಕೆ ಹೇಳಿ ಮಾಡಿಸಿದ್ದು ಅಂತ ಖುಷಿಯಿಂದ ನಾನು ಒಂದು ಬಟ್ಟಲು ಮೊಸರು ತಂದು ಕಲಸಿ, ಉಪ್ಪು ಹಾಕಿ, ಬಾಯಿಗಿಟ್ಟೆ. ಸಕ್ಕರೆ ಮೊಸರು! ಅಲ್ಲಿ ಹೆಚ್ಚಿನ ಮೊಸರೆಲ್ಲ ಸಿಹಿಯೇ, ಸಕ್ಕರೆ ಇಲ್ಲದ್ದನ್ನು ಹುಡುಕಿ ತಗೊಳ್ಳಬೇಕು. ಸುಮ್ನೆ ಅರ್ಧ ಕೆಜಿ ಚಟ್ನಿಪುಡಿ ಕಟ್ಟಿಕೊಂಡು ಹೋಗಿ, ಅಮ್ಮನಿಗೆ ಎಂಟು ದಿನ ಬರುತ್ತೆ.