“ಮುಂದಿನ ಸ್ಲೈಡ್‌ನಲ್ಲಿದೆ ಸರ್”

ಜಿಲ್ಲಾಧಿಕಾರಿ ಕಚೇರಿಯೊಂದರಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುವ ತಾಂತ್ರಿಕ ಸಲಹೆಗಾರ್ತಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅನರ್ಹ ಪಿಂಚಣಿದಾರರನ್ನು ಕೃತಕ ಬುದ್ಧಿಮತ್ತೆಯಿಂದ ಪತ್ತೆಹಚ್ಚುವ ಸಾಫ್ಟ್‌ವೇರಿನ ಕಡತ ಸಾಹೇಬರ ಮುಂದಿದೆ. ಅದರ ಅಪಾಯ ತಿಳಿಸಲು ಇವರು 42 ಸ್ಲೈಡ್‌ಗಳ ಪಿಪಿಟಿ ಮಾಡಿದರು. ಹನ್ನೆರಡನೆಯದಕ್ಕೆ ಸಾಹೇಬರು ಫೋನ್ ಕೈಗೆತ್ತಿಕೊಂಡರು. ಇಪ್ಪತ್ತನೆಯದಕ್ಕೆ “ಆಯ್ತಮ್ಮ, ಚೆನ್ನಾಗಿದೆ, ಪುಟಪ್ ಮಾಡಿ” (ಅಂದರೆ ಕಡತವನ್ನು ಆದೇಶಕ್ಕೆ ಮಂಡಿಸಿ) ಎಂದು ಎದ್ದುಬಿಟ್ಟರು. ಬೇಡ ಎನ್ನಲು ಹೋದವರ ಮಾತು ಶಿಫಾರಸಿನಂತೆ ಕೇಳಿಸಿತು. “ತಂತ್ರಜ್ಞಾನದ ಗಂಧವೇ ಇಲ್ಲದವರಿಗೆ ಹೇಗೆ ಅರ್ಥ ಮಾಡಿಸಲಿ? ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿಬಿಡಲೇ?” ಎಂದು ಕೇಳಿದ್ದಾರೆ.

ನಿಮ್ಮ ಪತ್ರದ ಮೂರನೇ ಪುಟದಲ್ಲಿ, ಕಾಫಿ ಬಂದ ವಿಷಯದ ಪಕ್ಕದಲ್ಲಿ, ಒಂದು ಸಾಲು ಸಿಕ್ಕಿಕೊಂಡಿದೆ. ಒಂಬತ್ತನೇ ಸ್ಲೈಡ್ ಹೊತ್ತಿಗೆ ಸಾಹೇಬರು “ಹೆಸರು ಬಿಟ್ಟುಹೋದವರು ಯಾರ ಹತ್ರ ಹೋಗಬೇಕು?” ಎಂದು ಕೇಳಿದರು. ನೀವು “ಮುಂದಿನ ಸ್ಲೈಡ್‌ನಲ್ಲಿದೆ ಸರ್” ಎಂದಿರಿ. ಮುಂದಿನ ಸ್ಲೈಡ್‌ನಲ್ಲಿ ಇದ್ದದ್ದು ನ್ಯೂರಲ್ ನೆಟ್‌ವರ್ಕಿನ, ಅಂದರೆ ಕೃತಕ ಬುದ್ಧಿಮತ್ತೆಯ ಒಳಗಿನ ಲೆಕ್ಕದ ಜಾಲದ, ಚಿತ್ರ.

ಆ ಸಭೆಯಲ್ಲಿ ಹುಟ್ಟಿದ ಅತ್ಯುತ್ತಮ ಪ್ರಶ್ನೆ ಅದು. ತಂತ್ರಜ್ಞಾನದ ಗಂಧ ಇಲ್ಲವೆಂದು ನೀವು ದೂರುವ ಮನುಷ್ಯನೇ ಅದನ್ನು ಕೇಳಿದ್ದು. ಹಾಗಾಗಿ ನನ್ನ ಕನಿಕರ ಮೊದಲು ಸಾಹೇಬರಿಗೆ, ಆಮೇಲೆ ನಿಮಗೆ. ನಿಮ್ಮ ಕಚೇರಿಯ ಆಪ್ತ ಸಹಾಯಕರಿಗೆ ಅದರಲ್ಲಿ ಪಾಲೇ ಇಲ್ಲ. “ಸಾಹೇಬ್ರು ಓದೋದಿಲ್ಲ ಮೇಡಂ, ಕಲರ್ ಕಲರಾಗಿ ತೋರ್ಸಿ” ಎಂದು ನಿಮ್ಮನ್ನು ದಾರಿ ತಪ್ಪಿಸಿದವರು ಅವರು. ದಿನವಿಡೀ ವಿಡಿಯೊ ಕಾನ್ಫರೆನ್ಸ್ ಮುಗಿಸಿದವರ ಎದುರು ಸಂಜೆ ಆರಕ್ಕೆ ನಿಮ್ಮನ್ನು ನಿಲ್ಲಿಸಿದವರೂ ಅವರೇ. ಜಿಲ್ಲಾಧಿಕಾರಿ ದಿನವೂ ಮಾಡುವ ಕೆಲಸವೇ ಓದುವುದು. ಟಿಪ್ಪಣಿ ಹಾಳೆ ಅವರ ಭಾಷೆ. ಒಂದು ಪುಟದ ಟಿಪ್ಪಣಿಯಲ್ಲಿ ಹೇಳಲಾಗದ್ದನ್ನು ಯಾವ ಅಧಿಕಾರಿಯ ಮುಂದೆಯೂ ಪಿಪಿಟಿಯಲ್ಲಿ ಹೇಳಲು ಹೋಗಬಾರದು. ಈ ಅಂಕಣದಲ್ಲಿ ಇದನ್ನು ಎಷ್ಟು ಸಲ ಬರೆದರೂ ನನಗೆ ಸಾಕೆನಿಸುವುದಿಲ್ಲ.

ಈಗ ಸಾಫ್ಟ್‌ವೇರ್ ಕಂಪನಿಯವರು ಹೇಳುವ “ಶೇ 95 ನಿಖರತೆ”ಗೆ ಬನ್ನಿ. ಸಾಹೇಬರಿಗೆ ಅದು ಪರೀಕ್ಷೆಯಲ್ಲಿ 95 ಅಂಕ ಬಂದಂತೆ ಕೇಳಿಸುತ್ತದೆ. ಲೆಕ್ಕವನ್ನು ಅವರೆದುರೇ ಪೆನ್ನಿನಲ್ಲಿ ಮಾಡಿ. ಒಂದು ತಾಲ್ಲೂಕಿನಲ್ಲಿ 10,000 ಪಿಂಚಣಿದಾರರು, ಅವರಲ್ಲಿ ನೂರಕ್ಕೆ ಇಬ್ಬರು ಅನರ್ಹರು, ಯಂತ್ರ ಅರ್ಹರಲ್ಲೂ ಅನರ್ಹರಲ್ಲೂ ನೂರಕ್ಕೆ 95 ಸಲ ಸರಿ ಎಂದಿಟ್ಟುಕೊಳ್ಳಿ. 200 ಅನರ್ಹರಲ್ಲಿ 190 ಮಂದಿ ಸಿಕ್ಕಿಬೀಳುತ್ತಾರೆ. ಆದರೆ ಉಳಿದ 9,800 ಅರ್ಹರಲ್ಲೂ ನೂರಕ್ಕೆ ಐವರನ್ನು ಅದು ತಪ್ಪಾಗಿ ಹಿಡಿಯುತ್ತದೆ: 490 ಮಂದಿ. ಪಟ್ಟಿಯಲ್ಲಿ ಒಟ್ಟು 680 ಹೆಸರು, ಹತ್ತರಲ್ಲಿ ಏಳು ನಿರಪರಾಧಿಗಳದ್ದು. ಸಂಧ್ಯಾ ಸುರಕ್ಷಾದ 1,200 ರೂಪಾಯಿಯಲ್ಲಿ ಮಾತ್ರೆ ಕೊಳ್ಳುವವರು ಅವರು. ಇದಕ್ಕೆ ಗುಣಾಕಾರ ಬಂದರೆ ಸಾಕು, ನ್ಯೂರಲ್ ನೆಟ್‌ವರ್ಕ್ ಬೇಡ.

ತಪ್ಪು ಎಲ್ಲಿ ಹುಟ್ಟುತ್ತದೆ ಎಂಬುದನ್ನೂ ಊರಿನ ಹೆಸರಿನಲ್ಲೇ ತೋರಿಸಿ. ಹುಲಿಗೆಮ್ಮ ಒಂದು ದಾಖಲೆಯಲ್ಲಿ ಹುಲಿಗೆವ್ವ, ಇನ್ನೊಂದರಲ್ಲಿ ಹುಲಿಗಮ್ಮ. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನದು. ಇದನ್ನು ಹೊಂದಿಸಲು ಸಾಫ್ಟ್‌ವೇರ್ ಹೋಲಿಕೆಯನ್ನು ಸಡಿಲ ಮಾಡಿಕೊಳ್ಳುತ್ತದೆ. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆಲ್ಲ ದಾಖಲೆಯಲ್ಲಿ ಜನವರಿ 1 ಎಂದೇ ಬರೆದಿರುವುದು ಸಾಮಾನ್ಯ. ಸಡಿಲ ಹೋಲಿಕೆ, ಒಂದೇ ಊರು, ಒಂದೇ ಜನ್ಮದಿನ ಸೇರಿದರೆ, ಹೋದ ವರ್ಷ ತೀರಿಕೊಂಡ ಹುಲಿಗೆಮ್ಮನ ಮರಣ ನೋಂದಣಿ ಬದುಕಿರುವ ಹುಲಿಗೆಮ್ಮನ ತಲೆಗೆ ಬರುತ್ತದೆ.

ನೆದರ್ಲೆಂಡ್ಸ್ ಉದಾಹರಣೆ ನಿಮ್ಮ 31ನೇ ಸ್ಲೈಡ್‌ನಲ್ಲಿತ್ತಂತೆ. ಮಕ್ಕಳ ಪಾಲನಾ ಭತ್ಯೆ ಪಡೆಯುತ್ತಿದ್ದ ಸಾವಿರಾರು ಪೋಷಕರ ಮೇಲೆ ಸುಳ್ಳು ವಂಚನೆ ಆರೋಪ ಹೊರಿಸಿದ ಹಗರಣದಲ್ಲಿ 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಟ್ಟಿತು, ನಿಜ. ಆದರೆ ಸಾಹೇಬರಿಗೆ ಹರಿಯಾಣ ಹತ್ತಿರ. 2022ರಲ್ಲಿ ರೋಹ್ತಕ್‌ನ 102 ವರ್ಷದ ಅಜ್ಜನೊಬ್ಬ ದಾಖಲೆಯಲ್ಲಿ ಸತ್ತಿದ್ದಾನೆಂದು ಪಿಂಚಣಿ ನಿಂತಿತು. ಆತ ಮದುವೆ ದಿಬ್ಬಣದಂತೆ ಮೆರವಣಿಗೆ ಹೊರಟು ತಾನು ಬದುಕಿದ್ದೇನೆಂದು ತೋರಿಸಬೇಕಾಯಿತು.

ಇನ್ನೊಂದು ವಿಷಯವನ್ನು ಮರೆಯದೆ ಹೇಳಿ. ಸಾಫ್ಟ್‌ವೇರ್ ಅರ್ಹ, ಅನರ್ಹ ಎಂದು ತೀರ್ಪು ಕೊಡುವುದಿಲ್ಲ. ಪ್ರತಿ ಹೆಸರಿಗೂ ಸೊನ್ನೆಯಿಂದ ಒಂದರವರೆಗೆ ಒಂದು ಅಂಕ ಕೊಡುತ್ತದೆ. ಎಷ್ಟರ ಮೇಲೆ ಬಂದರೆ ಅನುಮಾನ ಎಂಬ ಗೆರೆಯನ್ನು ಯಾರೋ ಎಳೆಯಬೇಕು. ಜರಡಿಯ ಕಣ್ಣಿದ್ದಂತೆ ಅದು. 0.5ಕ್ಕೆ ಎಳೆದರೆ ಅಮಾಯಕರೂ ಬಹಳ ಮಂದಿ ಸಿಗುತ್ತಾರೆ, 0.9ಕ್ಕೆ ಎಳೆದರೆ ಅನರ್ಹರು ಕೆಲವರು ತಪ್ಪಿಸಿಕೊಳ್ಳುತ್ತಾರೆ. ಎಷ್ಟು ಮಂದಿ ಅಮಾಯಕರಿಗೆ ತೊಂದರೆಯಾಗುವವರೆಗೆ ಸಹಿಸಬಹುದು ಎಂಬ ಆಡಳಿತದ ನಿರ್ಧಾರವೇ ಆ ಗೆರೆ. ಈಗ ಅದನ್ನು ಕಂಪನಿಯ ಎಂಜಿನಿಯರ್ ಎಳೆದಿದ್ದಾನೆ, ಸಹಿ ಮಾತ್ರ ಸಾಹೇಬರದು. ಅನುಮಾನಕ್ಕೂ ಸಾಕ್ಷ್ಯಕ್ಕೂ ಇರುವ ವ್ಯತ್ಯಾಸ, ನೋಟಿಸ್ ಕೊಡದೆ ಸೌಲಭ್ಯ ನಿಲ್ಲಿಸಬಾರದೆಂಬ ಸಹಜ ನ್ಯಾಯ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಯಂತ್ರ ಕೊಡುವುದು ಬರೀ ಅನುಮಾನ ಎಂದುಬಿಡಿ, ಮಿಕ್ಕದ್ದು ಅವರಿಗೇ ಹೊಳೆಯುತ್ತದೆ.

ನೀವು ಮಾಡಬೇಕಾದದ್ದು ಒಂದೇ: ಲ್ಯಾಪ್‌ಟಾಪ್ ಬಿಟ್ಟು, ಐವತ್ತು ಹೆಸರಿನ ಒಂದು ಹಾಳೆ ಹಿಡಿದು ಬೆಳಿಗ್ಗೆ ಹತ್ತೂವರೆಗೆ ಹೋಗಿ. ಕಂಪನಿಯ ಡೆಮೊ ನಡೆದದ್ದು ಅವರದೇ ದತ್ತಾಂಶದ ಮೇಲೆ, ಅದು ಲೆಕ್ಕಕ್ಕಿಲ್ಲ. ನಿಮ್ಮ ಜಿಲ್ಲೆಯದೇ ಎರಡು ಗ್ರಾಮ ಪಂಚಾಯಿತಿಗಳ ಪಟ್ಟಿಯ ಮೇಲೆ ಅದನ್ನು ಓಡಿಸಿ. ಅತಿ ಹೆಚ್ಚು ಅಂಕ ಬಂದ 20, ಗೆರೆಯನ್ನು ಕೂದಲೆಳೆಯಷ್ಟೇ ದಾಟಿದ 20, ಅನುಮಾನವೇ ಬಾರದ 10 ಹೆಸರು ತೆಗೆಯಿರಿ. ಮೂರನ್ನೂ ಕಲೆಸಿ, ಯಾವುದು ಯಾವ ಗುಂಪು ಎಂದು ಹೇಳದೆ ಗ್ರಾಮ ಆಡಳಿತ ಅಧಿಕಾರಿಗಳನ್ನು ಮನೆಮನೆಗೆ ಕಳಿಸಲು ತಹಶೀಲ್ದಾರರನ್ನು ಕೋರಿ. ಹೇಳಿದರೆ ಅನುಮಾನದ ಕಣ್ಣಿನಿಂದಲೇ ನೋಡಿ ಬರುತ್ತಾರೆ. ಪಟ್ಟಿ ಕಾಗದದಲ್ಲೇ ಹೋಗಲಿ, ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಬೇಡ. ವಾಪಸು ಬಂದಾಗ ನಾಲ್ಕು ಅಂಕಣ ಎಳೆಯಿರಿ: ಹೆಸರು, ಯಂತ್ರ ಹೇಳಿದ್ದು, ಮನೆ ಬಾಗಿಲಲ್ಲಿ ಕಂಡದ್ದು, ತಪ್ಪಾಗಿದ್ದರೆ ಕಾರಣ.

ಅಡಿಯಲ್ಲಿ “ಸೂಕ್ತ ಆದೇಶಕ್ಕಾಗಿ ಮಂಡಿಸಿದೆ” ಎನ್ನುವ ಮೊದಲು ಎರಡು ಸಾಲು ಖಾಲಿ ಬಿಡಿ. ಒಂದು: ಪಿಂಚಣಿ ನಿಂತವರು ಹೋಗಬೇಕಾದ ಅಧಿಕಾರಿ. ಇನ್ನೊಂದು: ತಪ್ಪೆಂದು ಕಂಡರೆ ಎಷ್ಟು ದಿನದೊಳಗೆ ಬಾಕಿ ಸಮೇತ ಮತ್ತೆ ಶುರು. ಒಂಬತ್ತನೇ ಸ್ಲೈಡ್‌ಗೆ ಅವರು ಕೇಳಿದ್ದು ಇದನ್ನೇ. ಅವರ ಕೈಯಿಂದಲೇ ತುಂಬಿಸಿಕೊಂಡು ಬನ್ನಿ. ಬೆಂಗಳೂರಿನ ಮಾತು ಅಲ್ಲಿಯವರೆಗೆ ಬೇಡ.